ಹತ್ತು ಗಂಟೆಯೊಳಗೆ ಕೆಳಗಿರಬೇಕು: ಮೈಸೂರು–ಮಂಡ್ಯದ ಬೆಟ್ಟ ಹತ್ತುವವರಿಗೆ

ಮೈಸೂರು–ಮಂಡ್ಯ ಸೀಮೆಯ ಬೆಟ್ಟಗಳನ್ನು ಎತ್ತರದ ಲೆಕ್ಕದಲ್ಲಿ ಅಳೆಯಲು ಹೋದರೆ ಮೋಸಹೋಗುತ್ತೀರಿ. ಚಾಮುಂಡಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1060 ಮೀಟರ್. ಆದರೆ ಮೈಸೂರೇ 770 ಮೀಟರಿನ ಆಸುಪಾಸಿನಲ್ಲಿ ಕೂತಿದೆ. ಕಾಲಿಗೆ ಸಿಗುವ ಏರು ಮುನ್ನೂರು ಮೀಟರಿನಷ್ಟು, ಅಷ್ಟೇ. ಕರಿಘಟ್ಟ, ಮೇಲುಕೋಟೆ, ಕುಂತಿಬೆಟ್ಟಗಳೂ ದೈತ್ಯರೇನಲ್ಲ. ತಡಿಯಂಡಮೋಳ್, ಕುಮಾರಪರ್ವತ ಹತ್ತಿ ಬಂದವರು ಇವನ್ನು ಕಂಡು ‘ಇದೇನು ಮಹಾ’ ಅನ್ನುವುದುಂಟು. ಮಾರ್ಚ್ ತಿಂಗಳಲ್ಲಿ ಹನ್ನೊಂದು ಗಂಟೆಗೆ ಬರಿಬಂಡೆಯ ಮೇಲೆ ಖಾಲಿ ಬಾಟಲಿ ಹಿಡಿದು ಕೂತಿರುವವರಲ್ಲಿ ಇಂಥವರೇ ಜಾಸ್ತಿ.

ನಮ್ಮ ಕಡೆ ಬೆಟ್ಟಕ್ಕೆ ಬಿಸಿಲೇ ಅಳತೆಗೋಲು. ಮಲೆನಾಡಿನ ಹಾಗೆ ತಲೆಯ ಮೇಲೆ ಮರದ ಚಪ್ಪರ ಇರುವುದಿಲ್ಲ. ತಪ್ಪಲಲ್ಲಿ ಕುರುಚಲು ಕಾಡು, ಅದರ ಮೇಲೆ ಒಣಹುಲ್ಲು, ಅದೂ ಮುಗಿದ ಮೇಲೆ ಕಲ್ಲೇ ಕಲ್ಲು. ಬೆಳಗ್ಗೆ ಏಳಕ್ಕೆ ತಣ್ಣಗೆ ಅಂಗೈಗೆ ಹಿತವಾಗಿರುವ ಬಂಡೆ ಹತ್ತೂವರೆಗೆ ಕಾದ ಹೆಂಚಾಗಿರುತ್ತದೆ. ಮಂಗಳೂರು ಕಡೆಯ ನೆಂಟರು ಬಂದಾಗ ‘ನಿಮ್ಮಲ್ಲಿ ಬೆವರೇ ಬರೋದಿಲ್ಲ ಮಾರಾಯ್ರೇ’ ಎಂದು ಖುಷಿಪಡುತ್ತಾರೆ. ಬೆವರು ಬರುತ್ತದೆ. ಒಣಗಾಳಿಗೆ ಚರ್ಮದ ಮೇಲೇ ಆರಿಹೋಗುವುದರಿಂದ ಗೊತ್ತಾಗುವುದಿಲ್ಲ. ಕರಾವಳಿಯಲ್ಲಿ ಅಂಗಿ ಒದ್ದೆಯಾಗಿ ಎಚ್ಚರಿಸುತ್ತದೆ, ಇಲ್ಲಿ ತಲೆನೋವು ಶುರುವಾದ ಮೇಲೆಯೇ ಅರಿವಾಗುವುದು.

ಹಾಗಾದರೆ ನಸುಕಿನ ನಾಲ್ಕಕ್ಕೇ ಹೊರಟರಾಯಿತಲ್ಲ ಅನ್ನುತ್ತೀರಿ. ಅಲ್ಲಿ ಚಿರತೆ ಅಡ್ಡ ಬರುತ್ತದೆ. ಚಾಮುಂಡಿ ಬೆಟ್ಟದಲ್ಲೂ ಇದೆ, ಪಾಂಡವಪುರ–ಶ್ರೀರಂಗಪಟ್ಟಣದ ಕಬ್ಬಿನ ಗದ್ದೆಗಳಲ್ಲೂ ಇದೆ. ಅದು ಓಡಾಡುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಇವೆರಡರ ನಡುವೆ ನಿಮಗೆ ಉಳಿಯುವುದು ಬೆಳಕು ಹರಿದಾಗಿನಿಂದ ಬಂಡೆ ಕಾಯುವವರೆಗಿನ ಮೂರು, ಮೂರೂವರೆ ಗಂಟೆ. ಮುಂದೆ ಹೇಳುವುದೆಲ್ಲ ಆ ಹೊತ್ತನ್ನು ಹೇಗೆ ಬಳಸಿಕೊಳ್ಳುವುದು ಎಂಬುದರ ಬಗ್ಗೆಯೇ.

ಹೊತ್ತು ಗೊತ್ತುಮಾಡಿಕೊಳ್ಳುವುದು

ಲೆಕ್ಕವನ್ನು ಹಿಂದಿನಿಂದ ಹಾಕಿ. ಹತ್ತು ಗಂಟೆಗೆ ಬುಡದಲ್ಲಿರಬೇಕು. ಬಂಡೆಯ ಬೆಟ್ಟದಲ್ಲಿ ಇಳಿಯಲು ಹೆಚ್ಚುಕಡಿಮೆ ಹತ್ತಿದಷ್ಟೇ ಹೊತ್ತು ಬೇಕು, ಹಾಗಾಗಿ ಎಂಟೂಮುಕ್ಕಾಲಿಗೆ ತುದಿ ಬಿಡಬೇಕು. ತುದಿಯಲ್ಲಿ ಮುಕ್ಕಾಲು ಗಂಟೆ ಕೂರುವ ಆಸೆಯಿದ್ದರೆ ಎಂಟಕ್ಕೆ ಮೇಲಿರಬೇಕು, ಆರೂವರೆಗೆ ಹೆಜ್ಜೆ ಇಟ್ಟಿರಬೇಕು. ಜನವರಿಯಲ್ಲಿ ಸೂರ್ಯ ಮೂಡುವಾಗ ಆರೂಮುಕ್ಕಾಲು ಆಗಿರುತ್ತದೆ, ಮೇ ತಿಂಗಳಲ್ಲಿ ಆರರ ಹೊತ್ತಿಗೇ ಬೆಳಕು. ಎಂಟೂವರೆಯಾದರೂ ತುದಿ ಮುಟ್ಟಿಲ್ಲವೆಂದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರುವರಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸೋನೆ ಮಳೆ, ಹಸಿರು, ತಂಪುಗಾಳಿ ಎಲ್ಲ ಇದ್ದರೂ ಬಂಡೆ ಜಾರುತ್ತದೆ. ಆಗ ಮೆಟ್ಟಿಲಿರುವ ಬೆಟ್ಟ ಸಾಕು. ಮಾರ್ಚ್ ನಂತರ ಬಿಸಿಲಿನ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಯುಗಾದಿ ಆಸುಪಾಸಿನ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಸುತ್ತ ಹತ್ತು ಮೈಲಿ ಬಯಲಿನ ನಡುವೆ ಬೋಳು ಬಂಡೆಯ ಮೇಲೆ ನಿಂತವರೇ ಅಲ್ಲಿ ಎಲ್ಲಕ್ಕಿಂತ ಎತ್ತರ ಎಂಬುದು ಸಿಡಿಲಿಗೆ ಗೊತ್ತು. ಗುಡುಗು ಕೇಳಿಸಿದ ಕೂಡಲೇ ಇಳಿಯಲು ಶುರುಮಾಡಿ, ಒಂಟಿ ಮರದ ಬುಡಕ್ಕೆ ಹೋಗಬೇಡಿ.

ಚೀಲದಲ್ಲಿ

ನೀರು ತಲೆಗೆ ಎರಡು ಲೀಟರ್. ಮೆಟ್ಟಿಲ ಬೆಟ್ಟಕ್ಕೆ ಒಂದು ಲೀಟರ್ ಸಾಕಾಗಬಹುದು. ಒಂದು ಓಆರ್‌ಎಸ್ ಪೊಟ್ಟಣ ಇರಲಿ. ತಿನ್ನಲು ಚಿತ್ರಾನ್ನವಾದರೆ ಹತ್ತಿರದ ಕೋತಿಗೂ ಹಂಚಬೇಕಾಗುತ್ತದೆ. ಹುರಿಗಡಲೆ–ಬೆಲ್ಲ, ಕಡಲೆಮಿಠಾಯಿ, ಬಾಳೆಹಣ್ಣು ವಾಸಿ, ಜೇಬಿನಿಂದ ನೇರ ಬಾಯಿಗೆ. ತಲೆಗೆ ಟೋಪಿ ಅಥವಾ ಟವೆಲು. ತುಂಬುತೋಳಿನ ಹತ್ತಿ ಅಂಗಿ ಬಿಸಿಲಿಗೂ ಆಗುತ್ತದೆ, ಜಾಲಿ ಮುಳ್ಳಿಗೂ ಆಗುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿನಿಂದ ರಕ್ತ ಹೀರುವ ಉಣ್ಣೆಹುಳುಗಳು ಹತ್ತಿಕೊಳ್ಳುತ್ತವೆ, ಆದ್ದರಿಂದ ಉದ್ದ ಪ್ಯಾಂಟು ಹಾಕಿ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ.

ಶೂ ದುಬಾರಿಯದೇ ಆಗಬೇಕಿಲ್ಲ. ರಬ್ಬರ್ ಅಟ್ಟೆ ಸವೆದಿರಬಾರದು, ಹಿಮ್ಮಡಿ ಒಳಗೆ ಅಲ್ಲಾಡಬಾರದು. ಅಂಗಡಿಯಿಂದ ತಂದ ಹೊಸ ಶೂ ಹಾಕಿಕೊಂಡು ನೇರ ಬೆಟ್ಟಕ್ಕೆ ಹೋದವರು ಇಳಿಯುವಾಗ ಹೆಬ್ಬೆರಳಿನ ಉಗುರು ಕಪ್ಪಗಾಗಿಸಿಕೊಂಡು ಬರುತ್ತಾರೆ.

ಮನೆಯಲ್ಲಿ ಒಬ್ಬರಿಗೆ ಯಾವ ಬೆಟ್ಟ, ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ವಾಪಸು ಎಂದು ಹೇಳಿ ಹೊರಡಿ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣವನ್ನೂ ಹಿಂದಿನ ದಿನವೇ ಒಮ್ಮೆ ನೋಡಿ. ಯಾವ ದಾರಿಗೆ ಮುಂಗಡ ಬುಕಿಂಗ್ ಬೇಕು, ಯಾವುದು ಮುಚ್ಚಿದೆ ಎಂಬುದು ಋತುವಿಗೆ ತಕ್ಕಂತೆ ಬದಲಾಗುತ್ತಿರುತ್ತದೆ.

ಮೊದಲ ಮೆಟ್ಟಿಲು: ಕೆರೆ ಏರಿ, ಆಮೇಲೆ ಬೆಟ್ಟದ ಪಾದ

ನಡೆದು ಅಭ್ಯಾಸವೇ ಇಲ್ಲದಿದ್ದರೆ ಕುಕ್ಕರಹಳ್ಳಿ ಕೆರೆಯಿಂದ ಶುರುಮಾಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ. ಮಾನಸಗಂಗೋತ್ರಿಯ ಪಕ್ಕದಲ್ಲೇ ಇದೆ, ಕುವೆಂಪು ಅವರು ತಿರುಗಾಡುತ್ತಿದ್ದ ದಾರಿ. ಮಟ್ಟಸ ನೆಲ, ನೆರಳು, ಹೆಜ್ಜಾರ್ಲೆಗಳು. ನಿಲ್ಲದೆ ಒಂದು ಸುತ್ತು ಮಾತಾಡಿಕೊಂಡು ಬರಲು ಸಾಧ್ಯವಾದರೆ ಮೆಟ್ಟಿಲಿಗೆ ಸಿದ್ಧ ಎಂದೇ ಅರ್ಥ.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ಸಾವಿರದ ಎಂಟು ಎನ್ನುವುದು ಪ್ರತೀತಿ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು. ಪಾದದಿಂದ ಹೊರಟ ಕೂಡಲೇ ಸಿಗುವ ಮೊದಲ ಮುನ್ನೂರು ಮೆಟ್ಟಿಲುಗಳೇ ಕಡಿದು, ಹೊಸಬರ ಉತ್ಸಾಹವೆಲ್ಲ ಖರ್ಚಾಗುವುದು ಅಲ್ಲೇ. ಹುಡುಗರು ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಗುತ್ತಾರೆ, ಹತ್ತು ನಿಮಿಷ ಕಳೆದರೆ ಕಟ್ಟೆಯ ಮೇಲೆ ಬಾಯಿ ಬಿಟ್ಟುಕೊಂಡು ಕೂತಿರುತ್ತಾರೆ. ಅವರ ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ–ಕುಂಕುಮ ಹಚ್ಚಿಕೊಂಡು ಹರಕೆ ತೀರಿಸುತ್ತಿರುವ ಹೆಂಗಸು ಅದೇ ನಡಿಗೆಯಲ್ಲಿ ದಾಟಿಹೋಗುತ್ತಾಳೆ. ಆ ನಡಿಗೆಯೇ ಕಲಿಯಬೇಕಾದದ್ದು. ಒಂದೊಂದೇ ಮೆಟ್ಟಿಲು, ಇಡೀ ಪಾದ ಊರಿ, ಮೂಗಿನಲ್ಲಿ ಉಸಿರು. ಒಂದು ವಾಕ್ಯ ಪೂರ್ತಿ ಆಡಲು ಆಗದಷ್ಟು ಏದುಸಿರು ಬಂದರೆ ನಿಲ್ಲಿ, ಆದರೆ ಕೂರಬೇಡಿ. ನಿಂತೇ ಎರಡು ಗುಟುಕು ನೀರು ಕುಡಿದು ಮುಂದೆ ಸಾಗಿ.

ಸುಮಾರು ಏಳುನೂರು ಮೆಟ್ಟಿಲಾದ ಮೇಲೆ ಡಾಂಬರು ರಸ್ತೆ ದಾಟಿ ನಂದಿ ಸಿಗುತ್ತಾನೆ. ಒಂದೇ ಬಂಡೆಯಲ್ಲಿ ಕಡೆದ, ಹದಿನೈದು ಅಡಿಗೂ ಮೀರಿದ ಎತ್ತರದ ಬಸವ. ಕೊರಳ ಗಂಟೆಗಳ ಒಂದೊಂದು ಎಳೆಯನ್ನೂ ಕಲ್ಲಲ್ಲಿ ಬಿಡಿಸಿದ್ದಾರೆ. ಇಲ್ಲಿಂದ ಮೇಲೆ ದಾರಿ ಹಗುರ. ಸಾಮಾನ್ಯರಿಗೆ ಒಟ್ಟು ಮುಕ್ಕಾಲರಿಂದ ಒಂದು ಗಂಟೆ. ಆಷಾಢ ಶುಕ್ರವಾರ ಮತ್ತು ದಸರಾ ದಿನಗಳನ್ನು ಬಿಟ್ಟು ಬನ್ನಿ. ಅವು ದೇವಿಯ ದರ್ಶನಕ್ಕೆ ಬರುವವರ ದಿನಗಳು.

ಮಂಡಿ ನೋವಿದ್ದವರಿಗೆ ನನ್ನ ಸಲಹೆ ಸುಲಭದ್ದು: ಹತ್ತಿ, ಇಳಿಯಬೇಡಿ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗ. ಬೆಟ್ಟದ ಮೇಲಿಂದ ಸಿಟಿ ಬಸ್ ನಿಲ್ದಾಣಕ್ಕೆ 201ನೇ ನಂಬರಿನ ಬಸ್ಸಿದೆ. ಅದರಲ್ಲಿ ಕಿಟಕಿ ಪಕ್ಕ ಕೂತು ಲಲಿತಮಹಲ್ ನೋಡಿಕೊಂಡು ಬನ್ನಿ, ಯಾರೂ ನಗುವುದಿಲ್ಲ.

ಎರಡನೆಯದು: ಕರಿಘಟ್ಟ ಅಥವಾ ಮೇಲುಕೋಟೆ

ಚಾಮುಂಡಿ ಸಲೀಸಾದ ಮೇಲೆ ಕರಿಘಟ್ಟ ಆಟದಂತೆ ಅನ್ನಿಸುತ್ತದೆ. ಶ್ರೀರಂಗಪಟ್ಟಣದ ಹತ್ತಿರ, ವೈಕುಂಠ ಶ್ರೀನಿವಾಸನ ಬೆಟ್ಟ. ಮೆಟ್ಟಿಲು ಚಾಮುಂಡಿಯ ಅರ್ಧದಷ್ಟೂ ಇಲ್ಲ, ವಾಹನ ಹೋಗುವ ರಸ್ತೆಯೂ ಇದೆ. ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೇಲೆ ನಿಂತರೆ ಕಾವೇರಿ, ಅದನ್ನು ಸೇರುವ ಲೋಕಪಾವನಿ, ಭತ್ತದ ಗದ್ದೆ. ಬೈಕಿನಲ್ಲಿ ಹೋಗುವವರು ಗಮನಿಸಿ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನ, ಆಟೊ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ರೈಲಿನಲ್ಲಾದರೆ ಶ್ರೀರಂಗಪಟ್ಟಣದಲ್ಲಿ ಇಳಿದು ಆಟೊ ಹಿಡಿಯಿರಿ.

ಮೇಲುಕೋಟೆಯನ್ನು ಬೆಟ್ಟ ಅನ್ನುವುದಕ್ಕಿಂತ ಅರ್ಧ ದಿನದ ನಡಿಗೆ ಅಂದುಕೊಂಡು ಹೋಗಿ. ಮೈಸೂರಿನಿಂದ ಸುಮಾರು ಐವತ್ತು ಕಿಲೋಮೀಟರ್. ಕಲ್ಯಾಣಿಯ ಬದಿಯಿಂದ ಯೋಗನರಸಿಂಹನ ಗುಡಿಗೆ ಮೆಟ್ಟಿಲು ಹತ್ತಿ, ಮಧ್ಯಾಹ್ನ ಬಾಗಿಲು ಹಾಕುವ ಮುಂಚೆ ದರ್ಶನ ಮುಗಿಸಿ. ಇಳಿದ ಮೇಲೆ ಅರ್ಧಕ್ಕೇ ನಿಂತ ರಾಯಗೋಪುರ, ಅಲ್ಲಿಂದ ಅಕ್ಕ–ತಂಗಿ ಕೊಳ. ಪಕ್ಕಪಕ್ಕದಲ್ಲೇ ಇರುವ ಎರಡು ಕೊಳಗಳಲ್ಲಿ ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದು ಅಲ್ಲ ಎಂದು ಊರಿನವರು ಹೇಳುತ್ತಾರೆ. ನೀವು ಎರಡನ್ನೂ ಕುಡಿಯುವುದು ಬೇಡ. ಊರಾಚೆಯ ಧನುಷ್ಕೋಟಿಗೆ ಹೋಗುವ ಮನಸ್ಸಿದ್ದರೆ ದಾರಿ ಕೇಳಿಕೊಂಡು, ಜೊತೆ ಕಟ್ಟಿಕೊಂಡು ಹೋಗಿ. ಸುತ್ತಲಿನ ಕಾಡು 1974ರಲ್ಲಿ ತೋಳಗಳ ರಕ್ಷಣೆಗೆಂದು ಘೋಷಿಸಿದ ವನ್ಯಧಾಮದ ಭಾಗ, ಐವತ್ತು ಚದರ ಕಿಲೋಮೀಟರಿನಷ್ಟು. ದಾರಿ ಬಿಟ್ಟು ಒಳಗೆ ನುಗ್ಗುವಂತಿಲ್ಲ. ವಾಪಸು ಬರುವಾಗ ಪುಳಿಯೋಗರೆ ತಿನ್ನದೆ ಬಂದರೆ ಹೋದದ್ದು ಲೆಕ್ಕಕ್ಕಿಲ್ಲ. ವೈರಮುಡಿ ಉತ್ಸವದ ದಿನಗಳಲ್ಲಿ ಮಾತ್ರ ನಡಿಗೆಯ ಯೋಚನೆ ಬಿಡಿ, ಕಾಲಿಡಲು ಜಾಗ ಇರುವುದಿಲ್ಲ.

ಮೂರನೆಯದು: ಕುಂತಿಬೆಟ್ಟ, ಬಂಡೆಯ ಮೇಲೆ ನಡೆಯುವುದು

ಇಲ್ಲಿಯವರೆಗೆ ಮೆಟ್ಟಿಲಿತ್ತು. ಪಾಂಡವಪುರದ ಕುಂತಿಬೆಟ್ಟದಲ್ಲಿ ಕಾಲು ಎಲ್ಲಿಡಬೇಕೆಂದು ನೀವೇ ನಿರ್ಧರಿಸಬೇಕು. ಹೈದರ್–ಟಿಪ್ಪು ಕಾಲದಲ್ಲಿ ಅವರ ನೆರವಿಗೆ ಬಂದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಈ ಊರು ‘ಫ್ರೆಂಚ್ ರಾಕ್ಸ್’ ಆಗಿತ್ತು. ಪಾಂಡವರು ಕುಂತಿಯ ಜೊತೆ ಇಲ್ಲಿ ಇದ್ದರೆಂಬ ಐತಿಹ್ಯ ಈಗಿನ ಹೆಸರಿಗೆ ಕಾರಣ. ಪಟ್ಟಣದಿಂದ ಆಟೊದಲ್ಲಿ ತಪ್ಪಲಿನ ದೇವಸ್ಥಾನದವರೆಗೆ ಹೋಗಬಹುದು. ರೈಲಿನಲ್ಲಿ ಬರುವವರು ಪಾಂಡವಪುರ ನಿಲ್ದಾಣ ಪಟ್ಟಣದಿಂದ ದೂರವಿದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇಲ್ಲಿನ ಬಂಡೆಯ ಬಣ್ಣ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಬೂದು ಬಣ್ಣದ, ಮುಟ್ಟಿದರೆ ಉಪ್ಪುಕಾಗದದಂತೆ ಒರಟಾದ ಕಲ್ಲು ಅಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಅದರ ನಡುವೆ ಮೇಲಿಂದ ಕೆಳಗೆ ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಅವು ಮಳೆನೀರು ಹರಿದ ಜಾಡು, ಪಾಚಿ ಒಣಗಿ ಕಪ್ಪಾಗಿರುವುದು. ಒಣಗಿದ್ದಾಗ ಸಿಪ್ಪೆಯ ಹಾಗೆ ಕಿತ್ತುಬರುತ್ತದೆ, ಇಬ್ಬನಿ ಬಿದ್ದಾಗ ಎಣ್ಣೆ ಸುರಿದಂತೆ ಜಾರುತ್ತದೆ. ಡಿಸೆಂಬರ್, ಜನವರಿಯ ಮಂಜಿನ ಬೆಳಗಿನಲ್ಲಿ ಕಪ್ಪು ಪಟ್ಟೆಯನ್ನು ದಾಟಲೇಬೇಕಾದರೆ ಅತಿ ಕಿರಿದಾದ ಕಡೆ ಒಂದೇ ಹೆಜ್ಜೆಯಲ್ಲಿ ದಾಟಿ. ಬಂಡೆಯ ಮೇಲೆ ಉದುರಿದ ಸಣ್ಣ ಜಲ್ಲಿಯೂ ಅಷ್ಟೇ ಅಪಾಯ, ಕಾಲಿನಿಂದ ಬದಿಗೆ ಸರಿಸಿ ಹೆಜ್ಜೆ ಇಡಿ.

ಹತ್ತುವಾಗ ಮೈ ಮುಂದಕ್ಕೆ ಬಾಗಿಸಿ ಬಂಡೆಗೆ ಒರಗಿದರೆ ಧೈರ್ಯ ಬಂದಂತೆ ಅನ್ನಿಸುತ್ತದೆ, ಆದರೆ ಆಗಲೇ ಕಾಲು ಜಾರುವುದು. ಭಾರ ನೇರವಾಗಿ ಪಾದದ ಮೇಲೆ ಬಿದ್ದಷ್ಟೂ ಹಿಡಿತ ಹೆಚ್ಚು. ಇಳಿಯುವಾಗ ಮಂಡಿ ತುಸು ಮಡಚಿ, ಸಣ್ಣ ಸಣ್ಣ ಹೆಜ್ಜೆ, ಪೂರ್ತಿ ಪಾದ ನೆಲಕ್ಕೆ. ತೀರಾ ಇಳಿಜಾರಿದ್ದರೆ ಅಡ್ಡಡ್ಡ ತಿರುಗಿ. ಅದಕ್ಕೂ ಭಯವಾದರೆ ಕೂತು ಜರುಗಿಕೊಂಡು ಇಳಿಯಿರಿ. ಪ್ಯಾಂಟು ಹರಿದರೆ ದರ್ಜಿ ಇದ್ದಾನೆ.

ಇಳಿಯುವ ದಾರಿ ತಪ್ಪುವುದು ಇಲ್ಲಿ ಸಾಮಾನ್ಯ. ಹತ್ತುವಾಗ ಎಲ್ಲ ದಾರಿಯೂ ತುದಿಗೇ ಸೇರುತ್ತದೆ, ಇಳಿಯುವಾಗ ಒಂದೊಂದು ದಾರಿ ಒಂದೊಂದು ಕಡೆ ಕರೆದೊಯ್ದು ಬಂಡೆಯ ಅಂಚಿಗೆ ನಿಲ್ಲಿಸುತ್ತದೆ. ಕವಲು ಸಿಕ್ಕಾಗೆಲ್ಲ ನಿಂತು ಹಿಂದಕ್ಕೆ ತಿರುಗಿ ನೋಡಿ, ಫೋನಿನಲ್ಲಿ ಆ ಕಡೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ವಾಪಸು ಬರುವಾಗ ಕಾಣುವುದು ಅದೇ ನೋಟ. ಬಣ್ಣದಲ್ಲಿ ಬಾಣದ ಗುರುತು ಬರೆಯುವ ಪುಣ್ಯಕಾರ್ಯ ಮಾತ್ರ ಬೇಡ.

ಕುರಿ, ಮೇಕೆ ಮೇಯಿಸುವವರು ಸಿಕ್ಕರೆ ಮಾತಾಡಿಸಿ. ‘ಆ ಕಡಿಕ್ ವೋಗ್ಬ್ಯಾಡಿ ಸಾ, ಜೇನ್ ಕಟ್ಟದೆ’ ಎಂಬ ಒಂದು ಮಾತು ಯಾವ ಮ್ಯಾಪಿನಲ್ಲೂ ಇರುವುದಿಲ್ಲ. ‘ಆಯ್ತಣ್ಣ’ ಎಂದು ದಾರಿ ಬದಲಿಸಿ.

ಬೆಂಗಳೂರಿನಿಂದ ರಾತ್ರಿ ಚಾರಣವೆಂದು ಇಲ್ಲಿಗೆ ಬರುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಟಾರ್ಚಿನ ಬೆಳಕಲ್ಲಿ ಕಪ್ಪು ಪಟ್ಟೆ ಕಾಣುವುದಿಲ್ಲ, ಚಿರತೆಯ ಮಾತು ಬೇರೆ, ಅನುಮತಿಯಿಲ್ಲದೆ ರಾತ್ರಿ ಕಾಡಿಗೆ ಹೋಗುವುದು ಕಾನೂನಿಗೂ ವಿರುದ್ಧ. ಮೇಲೆ ಬೆಂಕಿ ಹಾಕುವವರಂತೂ ಫೆಬ್ರುವರಿಯ ಒಣಹುಲ್ಲಿಗೆ ಒಂದು ಕಿಡಿ ಸಾಕೆಂಬುದನ್ನು ಮರೆತಿರುತ್ತಾರೆ. ಇಳಿದ ಮೇಲೆ ತೊಣ್ಣೂರು ಕೆರೆಗೆ ಹೋಗಿ, ಏರಿಯ ಮೇಲೆ ಕೂತು ತಿಳಿನೀರು ನೋಡಿ. ದಣಿದ ಮೈಯಲ್ಲಿ ಈಜಲು ಇಳಿಯಬೇಡಿ, ಆಳ ತಿಳಿಯದ ನೀರು.

ಇದೂ ಪಳಗಿದವರಿಗೆ ಕೆ.ಆರ್. ಪೇಟೆ ತಾಲ್ಲೂಕಿನ ನಾರಾಯಣದುರ್ಗ ಇದೆ. ಪಾಳುಬಿದ್ದ ಕೋಟೆ, ಜನ ಕಡಿಮೆ, ಕಡಿದು ಬಂಡೆ. ಊರಿನವರೊಬ್ಬರ ಜೊತೆಯಿಲ್ಲದೆ ಬೇಡ. ನಾಗಮಂಗಲ ಕಡೆಯ ಆದಿಚುಂಚನಗಿರಿ ನವಿಲು ನೋಡುವವರಿಗೆ, ಮನೆಮಂದಿಗೆಲ್ಲ ಚೆನ್ನ. ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ನಡೆದು ಹತ್ತುವ ಆಸೆ ಬಿಡಿ. ಅದು ಬಂಡೀಪುರದ ಹುಲಿ ಕಾಡು, ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು.

ಜೇನು, ಹಾವು, ಕೋತಿ

ಚಿರತೆಗಿಂತ ನಾನು ಹೆದರುವುದು ಹೆಜ್ಜೇನಿಗೆ. ಬಂಡೆಯ ಚಾಚಿನ ಕೆಳಗೆ ಕಪ್ಪಗೆ ಅರ್ಧಚಂದ್ರನಂತೆ ಜೋತಾಡುತ್ತಿರುತ್ತದೆ, ದೂರದಿಂದ ಅದೂ ಬಂಡೆಯ ಕಲೆಯಂತೆಯೇ ಕಾಣುತ್ತದೆ. ಸೆಂಟು ಪೂಸಿಕೊಂಡು ಬರಬೇಡಿ, ಕೂಗಾಡಬೇಡಿ, ಕಲ್ಲು ಉರುಳಿಸಬೇಡಿ, ಹೊಗೆಯಂತೂ ಬೇಡವೇ ಬೇಡ. ಎದ್ದರೆ ಕೈ ಬೀಸುತ್ತಾ ನಿಲ್ಲದೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಹೆಜ್ಜೆ ನೋಡಿಕೊಂಡು ದೂರ ಓಡಿ. ಚುಚ್ಚಿದ ಮುಳ್ಳನ್ನು ಚಿವುಟಿ ಎಳೆಯದೆ ಉಗುರಿನಿಂದ ಕೆರೆದು ತೆಗೆಯಿರಿ. ಬಹಳ ಕಡೆ ಕಚ್ಚಿದ್ದರೆ, ಗಂಟಲು ಕಟ್ಟಿದರೆ, ಉಸಿರು ಸಿಕ್ಕಿಕೊಂಡರೆ ತಕ್ಷಣ ಆಸ್ಪತ್ರೆ.

ಹಾವುಗಳಲ್ಲಿ ಕೊಳಕುಮಂಡಲ ಒಣಹುಲ್ಲಿನ ಬಣ್ಣಕ್ಕೇ ಸೇರಿಹೋಗುತ್ತದೆ, ಕಾಲ ಸದ್ದಿಗೆ ಸರಿದು ಹೋಗುವ ಅಭ್ಯಾಸವೂ ಅದಕ್ಕೆ ಕಡಿಮೆ. ಹುಲ್ಲಿನಲ್ಲಿ ನಡೆಯುವಾಗ ಕೋಲು ಮುಂದೆ ತಟ್ಟುತ್ತಿರಲಿ. ನೋಡದೆ ಬಂಡೆಯ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ, ನಾಟಿ ಔಷಧಕ್ಕೆಂದು ಹೊತ್ತು ಕಳೆಯುವುದೂ ಬೇಡ. ಕಚ್ಚಿದ ಕಾಲನ್ನು ಅಲ್ಲಾಡಿಸದೆ, ಸಾಧ್ಯವಾದರೆ ಹೊತ್ತುಕೊಂಡು ಕೆಳಗಿಳಿಸಿ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಸೇರಿಸಿ.

ಕೋತಿಗೆ ಪ್ಲಾಸ್ಟಿಕ್ ಕವರಿನ ಸದ್ದು ಊಟದ ಗಂಟೆ. ಕವರೇ ತರಬೇಡಿ, ಚೀಲದ ಜಿಪ್ ಹಾಕಿರಲಿ.

ಸಹಾಯಕ್ಕೆ ಕರೆಯುವಾಗ

ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಇತರ ತುರ್ತಿಗೆ 112. ಹತ್ತುವ ಮುಂಚೆಯೇ ತಪ್ಪಲಿನ ಹಳ್ಳಿಯ ಹೆಸರು, ಹೋಬಳಿ, ತಾಲ್ಲೂಕು ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕರೆ ಎತ್ತಿದವರಿಗೆ ಬೆಟ್ಟದ ಹೆಸರಷ್ಟೇ ಹೇಳಿದರೆ ಸಾಲದು, ಗಾಡಿ ಬಂದು ನಿಲ್ಲಬಹುದಾದ ದೇವಸ್ಥಾನದ್ದೋ ಶಾಲೆಯದ್ದೋ ಗುರುತು ಬೇಕು. ಬುಡದಲ್ಲಿ ಸಿಗ್ನಲ್ ಇರುವ ಜಾಗದಲ್ಲೇ ನಿಮ್ಮ ಲೊಕೇಶನ್ ಮನೆಯವರಿಗೆ ಕಳಿಸಿಬಿಡಿ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಎಲ್ಲರೂ ಸುತ್ತ ಕೂರದೆ ಒಬ್ಬರು ಅವರ ಜೊತೆ ನೆರಳು ಹಿಡಿದು ಉಳಿಯಿರಿ, ಇನ್ನಿಬ್ಬರು ಜೊತೆಯಾಗಿ ಇಳಿದು ಊರಿನವರನ್ನು ಕರೆತನ್ನಿ. ಆಂಬುಲೆನ್ಸ್ ಬರುವುದು ರಸ್ತೆ ಇರುವವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಹತ್ತಿ ಬಿದ್ದವರನ್ನು ಹೊತ್ತು ತರುವವರು ಆ ಊರಿನವರೇ, ಆದ್ದರಿಂದ ಬೆಳಗ್ಗೆ ಹತ್ತುವ ಮುಂಚೆ ತಪ್ಪಲಿನ ಟೀ ಅಂಗಡಿಯಲ್ಲಿ ಎಷ್ಟು ಜನ ಹೋಗುತ್ತಿದ್ದೀರಿ ಎಂದು ಹೇಳಿಹೋಗಿ.